ಓದದೆ ಬರೆಯುವ ಉತ್ತರ

ಮಾರ್ಚ್ ತಿಂಗಳು ಸಮೀಪಿಸಿದಂತೆ ನಮ್ಮ ನಾಡಿನ ಊರೂರುಗಳಲ್ಲಿ ಹತ್ತನೆಯ ತರಗತಿಯ ಮಕ್ಕಳು ಇಂಗ್ಲಿಷ್ ವಾಕ್ಯಗಳನ್ನು ಉರುಹೊಡೆಯುವ ಧ್ವನಿ ಕೇಳಿಬರುತ್ತದೆ. ದೂರದಿಂದ ಕೇಳಿದವರಿಗೆ ಅದು ಅಧ್ಯಯನವೆಂದೇ ತೋರುತ್ತದೆ. ಹತ್ತಿರ ಹೋಗಿ ನೋಡಿದರೆ ಅವರ ಕೈಯಲ್ಲಿರುವುದು ಅನೇಕ ವೇಳೆ ಪಠ್ಯಪುಸ್ತಕವಲ್ಲ. ಪ್ರಶ್ನೋತ್ತರಗಳು ಅಚ್ಚಾಗಿರುವ ಗೈಡು, ಇಲ್ಲವೆ 'ಪಾಸಿಂಗ್ ಪ್ಯಾಕೇಜ್' ಎಂಬ ಹೆಸರಿನ ಕೆಲವು ಹಾಳೆಗಳು. ಪಾಠವನ್ನು ಓದದೆಯೇ ಪಾಠದ ಮೇಲಿನ ಉತ್ತರವನ್ನು ಕಂಠಸ್ಥ ಮಾಡುವ ಈ ಪದ್ಧತಿಯನ್ನು ಕುರಿತು ವಾಚಕರು ನಮ್ಮೊಡನೆ ಸ್ವಲ್ಪ ವಿಚಾರ ಮಾಡಬೇಕೆಂದು ಅಪೇಕ್ಷಿಸುತ್ತೇವೆ.

ಮೊದಲು ಪರೀಕ್ಷೆಯ ಸ್ವರೂಪವನ್ನೇ ನೋಡೋಣ. ರಾಜ್ಯ ಪಠ್ಯಕ್ರಮದಲ್ಲಿ ಕನ್ನಡ ಮಾಧ್ಯಮದ ಬಹುಪಾಲು ಮಕ್ಕಳಿಗೆ ಇಂಗ್ಲಿಷ್ ದ್ವಿತೀಯ ಭಾಷೆ. ಅದರ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ ಸೇರಿವೆ. ಲಿಖಿತ ಪರೀಕ್ಷೆಯ ಬಹುಭಾಗ ಪಠ್ಯದ ಪಾಠಗಳು, ಪದ್ಯಗಳು, ವ್ಯಾಕರಣ, ಪತ್ರ ಹಾಗೂ ಪ್ರಬಂಧಗಳಿಗೆ ಮೀಸಲು. ವಿದ್ಯಾರ್ಥಿ ಹಿಂದೆಂದೂ ಕಾಣದ ಗದ್ಯಭಾಗವನ್ನು ಕೊಟ್ಟು, ಓದಿ ಉತ್ತರಿಸೆಂದು ಕೇಳುವ ಭಾಗಕ್ಕೆ ದೊರೆಯುವ ಅಂಕಗಳು ಅತ್ಯಲ್ಪ. ಕೇಂದ್ರೀಯ ಪಠ್ಯಕ್ರಮದ ಹತ್ತನೆಯ ತರಗತಿಯ ಇಂಗ್ಲಿಷ್ ಪತ್ರಿಕೆಯಲ್ಲಾದರೋ ಓದಿನ ಭಾಗಕ್ಕೆ 80ರಲ್ಲಿ 20 ಅಂಕಗಳಿವೆ. ಆದುದರಿಂದ ಕಂಠಪಾಠದ ದೋಷವನ್ನೆಲ್ಲ ಮಕ್ಕಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಓದನ್ನು ಅಲ್ಪವಾಗಿ ಎಣಿಸುವ ಪರೀಕ್ಷೆ ಓದದಿರುವ ಅಭ್ಯಾಸವನ್ನು ತಾನೇ ಪೋಷಿಸುತ್ತದೆ.

ಆ ಹಾಳೆಗಳನ್ನು ಸಿದ್ಧಪಡಿಸುವ ಉಪಾಧ್ಯಾಯರಲ್ಲಿಯೂ ಕರುಣೆಯಿಲ್ಲದಿಲ್ಲ. ಮನೆಯಲ್ಲಿ ಇಂಗ್ಲಿಷಿನ ಗಂಧವಿಲ್ಲದ, ಮನೆತನದಲ್ಲಿಯೇ ಮೊದಲ ಬಾರಿಗೆ ಶಾಲೆಯ ಮೆಟ್ಟಿಲು ಹತ್ತಿದ ಮಗು ಈ ಒಂದು ವಿಷಯದಲ್ಲಿ ಅನುತ್ತೀರ್ಣವಾಗಿ ವಿದ್ಯೆಗೇ ಶರಣು ಹೊಡೆಯಬಾರದೆಂಬುದು ಅವರ ಆಶಯ. ಆದರೆ ಆ ಆಶಯ ಎಷ್ಟರಮಟ್ಟಿಗೆ ಫಲಿಸಿದೆ? ಎಲ್ಲ ವಿಷಯಗಳೂ ಸೇರಿ 2023ರಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶ ಶೇಕಡಾ 83.89 ಇದ್ದಿತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಾವಲು ಬಂದಾಗ, ಕೃಪಾಂಕಗಳನ್ನು ನೀಡಿದ ಮೇಲೆಯೂ ಅದು ಶೇಕಡಾ 73.40ಕ್ಕೆ ಇಳಿಯಿತು. ಎರವಲು ತಂದ ಉತ್ತರಗಳ ಬಲವೆಷ್ಟೆಂಬುದನ್ನು ಆ ವರ್ಷ ನಾಡೇ ಕಂಡಿತು.

"ಕಂಠಪಾಠ ನಮ್ಮ ಪರಂಪರೆಯದೇ ಅಲ್ಲವೆ? ಪಾಠಶಾಲೆಯಲ್ಲಿ ಕಲಿತ ನೀವೇ ಅದನ್ನು ಆಕ್ಷೇಪಿಸಬಹುದೆ?" ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ಪಾಠಶಾಲೆಯ ಬಾಲಕ ಅಮರಕೋಶವನ್ನು ಕಂಠಸ್ಥ ಮಾಡುತ್ತಿದ್ದುದು ನಿಜ. ಆದರೆ ಅವನ ಬಾಯಲ್ಲಿ ನೆಲೆಸುತ್ತಿದ್ದುದು ಮೂಲಗ್ರಂಥ, ಮತ್ತೊಬ್ಬರು ಬರೆದಿಟ್ಟ ಉತ್ತರವಲ್ಲ. ಕಾವ್ಯಪಾಠಕ್ಕೆ ಕುಳಿತಾಗ ಗುರುಗಳು ಶ್ಲೋಕವನ್ನು ಹೇಳಿಸಿ ಅಷ್ಟಕ್ಕೇ ಬಿಡುತ್ತಿರಲಿಲ್ಲ. "ಅನ್ವಯ ಹೇಳು" ಎನ್ನುತ್ತಿದ್ದರು. ಪದಚ್ಛೇದ, ಪದಾರ್ಥ, ವಿಗ್ರಹ, ವಾಕ್ಯಯೋಜನೆ, ಆಕ್ಷೇಪ-ಸಮಾಧಾನ ಎಂಬ ಐದು ವ್ಯಾಖ್ಯಾನದ ಲಕ್ಷಣಗಳೆಂದು ಹಿರಿಯರು ನಿರ್ಣಯಿಸಿದ್ದಾರೆ. ಗೈಡಿನ ಓದಿನಲ್ಲಿ ಈ ಐದರಲ್ಲಿ ಒಂದೂ ಉಳಿದಿಲ್ಲ. ಇಂಗ್ಲಿಷಿನ ಓದಿನ ಪರೀಕ್ಷೆಗೆ ಬೇಕಾದ ಸಿದ್ಧತೆಯಾದರೋ ಬಹುಮಟ್ಟಿಗೆ ಇವುಗಳಲ್ಲಿಯೇ ಅಡಗಿದೆಯೆಂಬುದು ನಮ್ಮ ಅಭಿಪ್ರಾಯ.

ವಾಕ್ಯಯೋಜನೆಯನ್ನೇ ತೆಗೆದುಕೊಳ್ಳಿರಿ. ಬಸ್ ನಿಲ್ದಾಣದ ಬಳಿ ಮಾವಿನಹಣ್ಣು ಮಾರುತ್ತಿದ್ದ ಮುದುಕನು ಹಣವನ್ನು ನಿರಾಕರಿಸಿದನು ಎಂಬುದು ಕನ್ನಡದ ಕ್ರಮ. ವಿಶೇಷಣವೆಲ್ಲ ನಾಮಪದಕ್ಕಿಂತ ಮುಂಚೆ ಬರುತ್ತದೆ, ಪ್ರಧಾನ ಕ್ರಿಯಾಪದ ಕೊನೆಯಲ್ಲಿ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಇದೇ ಅರ್ಥ 'ದಿ ಓಲ್ಡ್ ಮ್ಯಾನ್ ಹೂ ಸೋಲ್ಡ್ ಮ್ಯಾಂಗೋಸ್ ನಿಯರ್ ದಿ ಬಸ್ ಸ್ಟ್ಯಾಂಡ್ ರಿಫ್ಯೂಸ್ಡ್ ದಿ ಮನಿ' ಎಂದಾಗುತ್ತದೆ. ಮುದುಕನು ಮೊದಲು ಬಂದನು; ಅವನ ವಿಶೇಷಣ ಹಿಂದಿನಿಂದ ಬಂದಿತು. ನಮ್ಮ ಹುಡುಗನ ಕಣ್ಣು 'ಸೋಲ್ಡ್' ಎಂಬ ಪದವನ್ನು ಕಂಡೊಡನೆ ಕ್ರಿಯಾಪದ ದೊರೆಯಿತೆಂದು ನಿಲ್ಲುತ್ತದೆ. ಮುಂದಿನ 'ರಿಫ್ಯೂಸ್ಡ್' ಯಾರದೆಂದು ತಿಳಿಯದೆ ತಬ್ಬಿಬ್ಬಾಗುತ್ತಾನೆ. ಪ್ರತಿಯೊಂದು ಪದದ ಅರ್ಥ ಬಲ್ಲವನಿಗೂ ವಾಕ್ಯದ ಅರ್ಥ ತಪ್ಪುವುದು ಇಲ್ಲಿಯೇ. ಪ್ರಧಾನ ಕ್ರಿಯೆ ಯಾವುದು, ಅದರ ಕರ್ತೃ ಯಾರು, ಕರ್ಮ ಯಾವುದು ಎಂದು ಕೇಳುತ್ತ ಅನ್ವಯಿಸುವ ಅಭ್ಯಾಸವಿದ್ದವನಿಗೆ ಈ ತೊಡಕು ತಾನಾಗಿಯೇ ಬಿಡುತ್ತದೆ.

ಇನ್ನು ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸಲು ನಮ್ಮ ಮೀಮಾಂಸಕರು ಹೇಳಿದ ಆರು ಲಿಂಗಗಳಲ್ಲಿ ಮೊದಲನೆಯದು ಉಪಕ್ರಮ-ಉಪಸಂಹಾರ. ಆರಂಭವನ್ನೂ ಮುಕ್ತಾಯವನ್ನೂ ಕೂಡಿಸಿ ನೋಡಬೇಕೆಂಬುದು ಅದರ ಸಾರ. ಹತ್ತನೆಯ ತರಗತಿಯ ಪಠ್ಯಕ್ಕೆ ಸೇರಿದ ಆರ್.ಕೆ. ನಾರಾಯಣರ 'ಎ ಹೀರೋ' ಕಥೆಯನ್ನು ಹೀಗೆ ಓದಿ ನೋಡಿರಿ. ಹುಲಿಯನ್ನು ಎದುರಿಸಿದ ಹಳ್ಳಿಯ ಹುಡುಗನೊಬ್ಬನ ಧೈರ್ಯದ ಸುದ್ದಿಯನ್ನು ತಂದೆ ಪತ್ರಿಕೆಯಲ್ಲಿ ಓದುವಲ್ಲಿ ಕಥೆ ಆರಂಭವಾಗುತ್ತದೆ. ನೀನೂ ಧೈರ್ಯವಂತನಾದರೆ ಈ ರಾತ್ರಿ ನನ್ನ ಕಚೇರಿಯ ಕೋಣೆಯಲ್ಲಿ ಒಬ್ಬನೇ ಮಲಗೆಂದು ಅವರು ಸ್ವಾಮಿಗೆ ಸವಾಲು ಹಾಕುತ್ತಾರೆ. ಕತ್ತಲಲ್ಲಿ ಚಲಿಸಿದ ಆಕೃತಿಯನ್ನು ದೆವ್ವವೆಂದೇ ಭಾವಿಸಿದ ಹುಡುಗ ಅದನ್ನು ತಬ್ಬಿ ಹಲ್ಲೂರಿ ಕಚ್ಚುತ್ತಾನೆ; ಸಿಕ್ಕಿಬಿದ್ದವನು ಕುಖ್ಯಾತ ಕಳ್ಳ. ಮರುದಿನ ಊರೆಲ್ಲ ಕೊಂಡಾಡುತ್ತದೆ. ಆದರೆ ಕಥೆ ಮುಗಿಯುವಾಗ ಆ ವೀರನು ಎಂದಿನಂತೆ ಅಜ್ಜಿಯ ಮಗ್ಗುಲಲ್ಲಿಯೇ ನಿದ್ರಿಸುತ್ತಿದ್ದಾನೆ! ಆರಂಭದ ಸುದ್ದಿಯನ್ನೂ ಕೊನೆಯ ನಿದ್ರೆಯನ್ನೂ ಕೂಡಿಸಿದವನಿಗೆ ಶೀರ್ಷಿಕೆಯಲ್ಲಿರುವ ನವಿರಾದ ಹಾಸ್ಯ ಹೊಳೆಯುತ್ತದೆ. ಹುಡುಗನ ಕೈಯಿಂದ ನಡೆದ ಸಾಹಸ ಭಯದಿಂದ ಹುಟ್ಟಿದ್ದೆಂದು ತಿಳಿಯುತ್ತದೆ. ಸ್ವಾಮಿ ಧೈರ್ಯದಿಂದ ಕಳ್ಳನನ್ನು ಹಿಡಿದನು ಎಂಬ ಸಿದ್ಧ ಉತ್ತರವನ್ನು ಬರೆದ ವಿದ್ಯಾರ್ಥಿಗೆ ಅಂಕ ದೊರೆಯಬಹುದು. ಕಥೆ ಮಾತ್ರ ದೊರೆಯುವುದಿಲ್ಲ.

ಹಾಗಾದರೆ ಸಿದ್ಧತೆ ಹೇಗಿರಬೇಕು? ದಿನಕ್ಕೊಂದು ಹೊಸ ಗದ್ಯಭಾಗ ಸಾಕು. ವೃತ್ತಪತ್ರಿಕೆಯ ಹತ್ತು ಸಾಲುಗಳಾದರೂ ಆಗಬಹುದು. ಮೊದಲನೆಯ ಸಲ ನಿಲ್ಲದೆ ಕೊನೆಯವರೆಗೆ ಓದಬೇಕು. ಎರಡನೆಯ ಸಲ ಪ್ರಶ್ನೆಗಳನ್ನು ನೋಡಿಕೊಂಡು ನಿಧಾನವಾಗಿ ಓದಬೇಕು. ತಿಳಿಯದ ಪದ ಬಂದಾಗ ಒಡನೆಯೇ ನಿಘಂಟಿಗೆ ಕೈಹಾಕದೆ, ಹಿಂದುಮುಂದಿನ ವಾಕ್ಯಗಳಿಂದ ಅದರ ಅರ್ಥವನ್ನು ಊಹಿಸಿ, ಆಮೇಲೆ ನಿಘಂಟಿನಲ್ಲಿ ಪರೀಕ್ಷಿಸಬೇಕು. 'ಇಟ್', 'ದೇ', 'ದಿಸ್' ಎಂಬ ಸರ್ವನಾಮಗಳು ಯಾವ ನಾಮಪದಕ್ಕೆ ಸಲ್ಲುತ್ತವೆಯೆಂದು ಬೆರಳಿಟ್ಟು ತೋರಿಸಬೇಕು. ಬರೆದ ಉತ್ತರಕ್ಕೆ ಆಧಾರವಾದ ಸಾಲು ಯಾವುದೆಂದು ತನ್ನನ್ನು ತಾನೇ ಆಕ್ಷೇಪಿಸಿಕೊಳ್ಳಬೇಕು. ಗೈಡನ್ನು ತೆರೆಯುವುದಾದರೆ ಸ್ವಂತ ಉತ್ತರ ಬರೆದ ಮೇಲೆ, ಹೋಲಿಸಿ ನೋಡುವುದಕ್ಕಾಗಿ ಮಾತ್ರ ತೆರೆಯಲಿ. ಪರೀಕ್ಷೆಗೆ ಒಂದು ವಾರವಿರುವಾಗ ಇದಾಗದು. ಜೂನ್ ತಿಂಗಳಿನಿಂದಲೇ ಆರಂಭವಾಗಬೇಕು.

ಇದು ಹಣದಿಂದ ಆಗುವ ಕೆಲಸವಲ್ಲ, ಜೊತೆಯಲ್ಲಿ ಕುಳಿತು ಕೇಳುವವರಿಂದ ಆಗುವ ಕೆಲಸ. ಪೇಟೆಯ ಮಗುವಿಗೆ ಮನೆಪಾಠದವರಿದ್ದಾರೆ. ಹೊಲದಿಂದ ಬಂದ ಮಗುವಿಗೆ ಯಾರಿದ್ದಾರೆ? ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ ಇಂದು ಕಚೇರಿ, ಕಾಲೇಜು, ನ್ಯಾಯಾಲಯಗಳಲ್ಲಿ ನೆಲೆಗೊಂಡಿರುವ ಹಳೆಯ ವಿದ್ಯಾರ್ಥಿಗಳು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಊರಿಗೆ ಬಂದಾಗ ಒಂದು ಗಂಟೆಯ ಕಾಲ ಅಲ್ಲಿಯ ಶಾಲೆಗೆ ಹೋಗಿ, ನಾಲ್ಕು ಮಕ್ಕಳನ್ನು ಕುಳ್ಳಿರಿಸಿಕೊಂಡು, ಒಂದು ಪುಟವನ್ನು ಅವರಿಂದಲೇ ಓದಿಸಿರಿ. ಉತ್ತರವನ್ನು ನೀವು ಹೇಳಿಕೊಡಬೇಡಿರಿ, "ಯಾರು? ಏನು ಮಾಡಿದನು? ಏಕೆ?" ಎಂದು ಕೇಳಿರಿ. ಮಗು ತಡವರಿಸಿದರೆ ಕಾಯಿರಿ. ಬರುವ ಜೂನ್ ತಿಂಗಳಿನಿಂದ ಈ ಸೇವೆಗೆ ಭಕ್ತರೆಲ್ಲರೂ ಮನಸ್ಸು ಮಾಡಲೆಂದು ಹಾರೈಸುತ್ತೇವೆ.