ಕಪ್ಪೆಯ ಹೃದಯದಿಂದ ಬಂದ ಬಾಟಲಿ

1880ರ ದಶಕದ ಲಂಡನ್. ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಹೊರತೆಗೆದು, ಉಪ್ಪುನೀರು ಹಾಯಿಸುತ್ತ ಅದರ ಬಡಿತ ನೋಡುತ್ತಿದ್ದರು. ಉಪ್ಪು ಕರಗಿಸಿದ್ದು ಬಟ್ಟಿ ಇಳಿಸಿದ ನೀರಿನಲ್ಲೇ ಎಂದು ಅವರ ನಂಬಿಕೆ; ಬೆರೆಸಿದ್ದು ಮಾತ್ರ ನಲ್ಲಿ ನೀರು. ಹೃದಯ ಗಂಟೆಗಟ್ಟಲೆ ಬಡಿಯಿತು. ನಿಜವಾದ ಬಟ್ಟಿ ನೀರು ಬಳಸಿದಾಗ ಬೇಗ ಸೋತಿತು. ಗುಟ್ಟು ನಲ್ಲಿ ನೀರಿನ ಕ್ಯಾಲ್ಸಿಯಂನಲ್ಲಿತ್ತು. ಎಂಥ ಸೊಗಸಾದ ಎಡವಟ್ಟು!

1930ರ ದಶಕದಲ್ಲಿ ಅಮೆರಿಕದ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್ ರಿಂಗರ್ ಅವರ ದ್ರಾವಣಕ್ಕೆ ಲ್ಯಾಕ್ಟೇಟ್ ಸೇರಿಸಿದರು. ಭೇದಿಯಿಂದ ಬಸವಳಿದ ಮಕ್ಕಳ ರಕ್ತದಲ್ಲಿ ಆಮ್ಲ ಏರುತ್ತದೆ. ಯಕೃತ್ತು ಲ್ಯಾಕ್ಟೇಟನ್ನು ಬೈಕಾರ್ಬನೇಟ್ ಆಗಿಸಿ ಆ ಆಮ್ಲವನ್ನು ತಗ್ಗಿಸುತ್ತದೆ. ನಮ್ಮ ಆಸ್ಪತ್ರೆಗಳ ನರ್ಸುಗಳು ‘ಆರ್‌ಎಲ್’ (ರಿಂಗರ್ ಲ್ಯಾಕ್ಟೇಟ್) ಎನ್ನುವುದು ಈ ದ್ರಾವಣವನ್ನೇ.

ಇದರ ಚೆಂದವೆಲ್ಲ ಅಳತೆಯಲ್ಲಿದೆ. ಲೀಟರಿಗೆ ಸೋಡಿಯಂ ಸುಮಾರು 130 ಮಿಲಿಮೋಲ್, ಕ್ಲೋರೈಡ್ 109, ಪೊಟ್ಯಾಸಿಯಂ ಬರೀ 4. ಹೆಚ್ಚುಕಮ್ಮಿ ರಕ್ತರಸದ್ದೇ ಲೆಕ್ಕ. ಲೀಟರಿಗೆ 9 ಗ್ರಾಂ ಉಪ್ಪಿರುವ ನಾರ್ಮಲ್ ಸಲೈನ್‌ನಲ್ಲಾದರೆ ಕ್ಲೋರೈಡ್ 154. ಲೀಟರುಗಟ್ಟಲೆ ಹರಿಸಿದರೆ ರಕ್ತ ಆಮ್ಲದತ್ತ ವಾಲುತ್ತದೆ.

ಹಾಗೆಂದು ಸುಸ್ತಾದವರೆಲ್ಲ ಕೇಳಿ ಹಾಕಿಸಿಕೊಳ್ಳುವ ಟಾನಿಕ್ ಇದಲ್ಲ. ಸಾಮಾನ್ಯ ಭೇದಿಯಲ್ಲಿ, ಕುಡಿಯಲು ಆಗುವವರಿಗೆ ಓಆರ್‌ಎಸ್ ಪೊಟ್ಟಣ ಸಾಕು. ಹೃದಯವೋ ಮೂತ್ರಪಿಂಡವೋ ಸೋತವರಲ್ಲಿ ಹೆಚ್ಚಾದ ನೀರು ಶ್ವಾಸಕೋಶಕ್ಕೇ ತುಂಬಿಕೊಂಡೀತು. ನಿಮಿಷಕ್ಕೆ ಎಷ್ಟು ಹನಿ ಎಂದು ನರ್ಸು ಗಡಿಯಾರ ಹಿಡಿದು ಎಣಿಸುವುದು ಅದಕ್ಕೇ.