‘ಬೇಡ’ ಎನ್ನಲೂ ಒಂದು ಚಿತ್ರ

ಮಾತು ಹೊರಡದ ಮಗು ಪರದೆಯ ಮೇಲಿನ ಚಿತ್ರ ಮುಟ್ಟಿದರೆ ಟ್ಯಾಬ್ಲೆಟ್ ಆ ಪದವನ್ನು ಗಟ್ಟಿಯಾಗಿ ನುಡಿಯುತ್ತದೆ. ಚೆನ್ನೈನ ಅಜಿತ್ ನಾರಾಯಣನ್ ಮತ್ತು ಸಂಗಡಿಗರು ರೂಪಿಸಿದ ‘ಆವಾಜ್’ ಮಾಡುವ ಕೆಲಸ ಇದು. ಮೊದಲು ಪ್ರತ್ಯೇಕ ಯಂತ್ರವಾಗಿದ್ದ ಆವಾಜ್ ಆಮೇಲೆ ಟ್ಯಾಬ್ಲೆಟ್ಟಿನ ಆ್ಯಪ್ ಆಯಿತು. ಅದರಿಂದ ದೊಡ್ಡ ಅನುಕೂಲವೇ ಆಯಿತು. ಓರಗೆಯ ಮಕ್ಕಳು ಆಸೆಪಡುವ ವಸ್ತುವೇ ಆಟಿಸಂ ಇರುವ ಮಗುವಿನ ಬಾಯಿಯೂ ಆಯಿತು.

ಚಿತ್ರ ಒತ್ತುವುದು ರೂಢಿಯಾದರೆ ಮಗು ಮಾತೇ ಕಲಿಯದು ಎಂದು ಹೆತ್ತವರು ಅಂಜುತ್ತಾರೆ. ಆ ಅಂಜಿಕೆಗೆ ಆಧಾರವಿಲ್ಲ. ಸನ್ನೆ, ಚಿತ್ರಫಲಕಗಳಂಥ ವಿಧಾನಗಳ ಕುರಿತ ಅಧ್ಯಯನಗಳನ್ನು ಮಿಲ್ಲರ್, ಲೈಟ್, ಶ್ಲಾಸರ್ 2006ರಲ್ಲಿ ಪರಿಶೀಲಿಸಿದರು. ಗಟ್ಟಿ ಪುರಾವೆಯಿದ್ದ 27 ಪ್ರಕರಣಗಳಲ್ಲಿ ಒಂದರಲ್ಲೂ ಮಾತು ಕುಗ್ಗಿರಲಿಲ್ಲ. ಬಹುಪಾಲು ಪ್ರಕರಣಗಳಲ್ಲಿ ಹೆಚ್ಚಿತ್ತು. 2014ರಲ್ಲಿ ಪ್ರಕಟವಾದ ಕಾನೀ ಕಸಾರಿ ತಂಡದ ಪ್ರಯೋಗದಲ್ಲಿದ್ದವರು 61 ಮಕ್ಕಳು. ಥೆರಪಿಯ ಜೊತೆ ಮೊದಲಿನಿಂದಲೇ ಮಾತಾಡುವ ಸಾಧನ ಪಡೆದವರು ತಾವಾಗಿಯೇ ಹೆಚ್ಚು ಸಂವಹನಕ್ಕೆ ತೊಡಗಿದರು. ಆದರೆ ಅಲ್ಲಿ ಸಾಧನದ ಪಕ್ಕದಲ್ಲಿ ಮಗುವಿನೊಡನೆ ಆಡುವ, ತಾನೂ ಚಿತ್ರ ಒತ್ತಿ ತೋರಿಸುವ ದೊಡ್ಡವರೊಬ್ಬರು ಕೂತಿರುತ್ತಿದ್ದರು.

ನಾವು ಎಡವುವುದು ಇಲ್ಲೇ. ‘ಬಿಸ್ಕೆಟ್’ ಒತ್ತಿಸಿ ಬಿಸ್ಕೆಟ್ ಕೊಟ್ಟಲ್ಲಿಗೆ ಪಾಠ ಮುಗಿಯುತ್ತದೆ. ‘ಸಾಕು’, ‘ನೋವು’, ‘ಯಾಕೆ?’ ಎಲ್ಲೋ ಒಳಗಿನ ಪುಟದಲ್ಲಿ ಉಳಿಯುತ್ತವೆ. ಹಟ ಮಾಡಿದಾಗ ಟ್ಯಾಬ್ಲೆಟ್ ಕಸಿದು ಬೀರುವಿನಲ್ಲಿಡುವವರೂ ಇದ್ದಾರೆ. ಅದು ಶಿಸ್ತಲ್ಲ, ಬಾಯಿ ಮುಚ್ಚಿಸುವುದು.

ಕನ್ನಡದ ಮಕ್ಕಳಿಗೆ ಇನ್ನೊಂದು ತೊಡಕಿದೆ. ಪದದ ಪಕ್ಕ ಪದವಿಡುವ ಚೌಕಗಳು ಇಂಗ್ಲಿಷಿಗೆ ಹೇಗೋ ಒಗ್ಗುತ್ತವೆ. ‘ನಾನು’, ‘ನೀರು’, ‘ಬೇಕು’ ಒತ್ತಿದರೆ ಕನ್ನಡದ ವಾಕ್ಯವಾಗದು, ‘ನನಗೆ’ ಬೇಕು. ವಿಭಕ್ತಿಗೊಂದು ಚೌಕವಿಟ್ಟರೆ ಪರದೆ ತುಂಬಿ ಮಗು ಕಂಗೆಡುತ್ತದೆ. ನಾರಾಯಣನ್ ಅವರೇ ಟೆಡ್ ಭಾಷಣದಲ್ಲಿ ವಿವರಿಸಿದ ‘ಫ್ರೀಸ್ಪೀಚ್’ ಈ ತೊಡಕಿನ ಬುಡಕ್ಕೇ ಕೈಹಾಕಿತ್ತು. ಯಾರು, ಏನು, ಯಾವಾಗ ಎಂಬ ಪ್ರಶ್ನೆಗಳ ಮೂಲಕ ಮಗು ಚಿತ್ರಗಳನ್ನು ಬೆಸೆದರೆ ಸಾಕು, ವಾಕ್ಯ ಕಟ್ಟುವ ಹೊರೆ ಯಂತ್ರದ್ದು. ಕನ್ನಡದಂಥ ನುಡಿಗಳಿಗೆ ಆ ದಾರಿಯೇ ಹೆಚ್ಚು ಹೊಂದುತ್ತದೆ.

ಹಾಗೆಂದು ವ್ಯಾಕರಣ ಸರಿಹೋಗುವವರೆಗೆ ಕಾಯಬೇಕಿಲ್ಲ. ಮಕ್ಕಳೆಲ್ಲ ಮೊದಲು ಆಡುವುದು ಅರೆಬರೆ ವಾಕ್ಯಗಳನ್ನೇ. ಆ್ಯಪ್ ಫಲಿಸಿತೇ ಎಂದು ನೋಡಲು ಮಗು ಒತ್ತಿದ ಪದಗಳನ್ನು ಎಣಿಸುವುದಕ್ಕಿಂತ, ಅದು ‘ಬೇಡ’ ಒತ್ತಿದಾಗ ದೊಡ್ಡವರು ನಿಲ್ಲಿಸಿದರೇ ಎಂದು ನೋಡುವುದು ಮೇಲು.