ಅರ್ಧ ದುಡ್ಡು ಗ್ರಾಫಿಕ್ಸ್ ಕಾರ್ಡಿಗೇ ಏಕೆ?

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಕೇಳಿ, ಯೂಟ್ಯೂಬ್‌ನಲ್ಲಿ ನೋಡಿ, ಗೇಮಿಂಗ್ ಕಂಪ್ಯೂಟರ್ ಅಸೆಂಬಲ್ ಮಾಡಿಸಲು ಹೊರಟವರಿಗೆ ಸಿಗುವ ಉಪದೇಶ ಒಂದೇ: ಬಜೆಟ್ಟಿನ ಅರ್ಧ ಗ್ರಾಫಿಕ್ಸ್ ಕಾರ್ಡಿಗೆ ತೆಗೆದಿಡು, ಮಿಕ್ಕಿದ್ದು ಮಿಕ್ಕಿದ್ದರಲ್ಲಿ ಆಗುತ್ತದೆ. ನೆನಪಿಡಲು ಸುಲಭವಾದ ಸೂತ್ರ. ಆದರೆ ಅರವತ್ತು ಸಾವಿರ ಹೊಂದಿಸುವಷ್ಟರಲ್ಲೇ ಸುಸ್ತಾದವರಿಗೆ ಇದರಷ್ಟು ದಾರಿ ತಪ್ಪಿಸುವ ಸಲಹೆ ಇನ್ನೊಂದಿಲ್ಲ.

ಯಾವ ಆಟ, ಯಾವ ಮಾನಿಟರ್ ಎಂದು ಈ ಸೂತ್ರ ಕೇಳುವುದೇ ಇಲ್ಲ. 60 ಹರ್ಟ್ಸ್ ಪರದೆ ಸೆಕೆಂಡಿಗೆ 60 ಚಿತ್ರಗಳನ್ನಷ್ಟೇ ತೋರಿಸಬಲ್ಲದು. ಕಾರ್ಡು 140 ಚಿತ್ರ ಬಿಡಿಸಿ ಕೊಟ್ಟರೆ ಮೌಸಿನ ಸ್ಪಂದನೆ ಒಂದಿಷ್ಟು ಚುರುಕಾಗಬಹುದು, ನಿಜ. ಕಣ್ಣಿಗೆ ಮಾತ್ರ ಆ ಹೆಚ್ಚುವರಿ ಚಿತ್ರಗಳು ಬೀಳುವುದಿಲ್ಲ. ಇನ್ನು ನಮ್ಮ ಹುಡುಗರು ಹಗಲೂ ರಾತ್ರಿ ಆಡುವ ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2 ಹೆಚ್ಚಾಗಿ ದುಡಿಸುವುದು ಪ್ರೊಸೆಸರನ್ನು. ಇಂಥವರು ಕಾರ್ಡಿನಲ್ಲಿ ಒಂದು ಮೆಟ್ಟಿಲು ಇಳಿದು, ಉಳಿದ ಹಣದಲ್ಲಿ 144 ಹರ್ಟ್ಸ್ ಮಾನಿಟರ್ ತಂದರೆ ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ.

ನನ್ನ ದೊಡ್ಡ ತಕರಾರು ಎಸ್‌ಎಂಪಿಎಸ್ ವಿಷಯದ್ದು. 'ಮಿಕ್ಕಿದ್ದರಲ್ಲಿ' ಬರುವ ಸಾಮಾನು ಯಾವಾಗಲೂ ಇದೇ. ಕ್ಯಾಬಿನೆಟ್ಟಿನ ಜೊತೆಗೇ ಬರುವ ಅಗ್ಗದ ಡಬ್ಬಿಯ ಮೇಲೆ 450 ವ್ಯಾಟ್ ಎಂದು ಅಚ್ಚಾಗಿರುತ್ತದೆ; ಕಾರ್ಡಿಗೂ ಪ್ರೊಸೆಸರಿಗೂ ಬೇಕಾದ 12 ವೋಲ್ಟ್ ಸಾಲಿನಲ್ಲಿ ಅಷ್ಟು ಶಕ್ತಿ ಇದೆಯೇ ಎಂದು ಪಕ್ಕದ ಪಟ್ಟಿಯನ್ನು ಓದಿದವರಿಗಷ್ಟೇ ತಿಳಿಯುತ್ತದೆ. '80 ಪ್ಲಸ್' ಮುದ್ರೆ ಇದ್ದರೆ ಸಾಕು ಎನ್ನುವವರೂ ಇದ್ದಾರೆ. ಆ ಮುದ್ರೆ ಅಳೆಯುವುದು ಎಷ್ಟು ವಿದ್ಯುತ್ ಪೋಲಾಗುತ್ತದೆ ಎಂಬುದನ್ನು, ಒಳಗಿನ ರಕ್ಷಣೆ ಎಷ್ಟು ಗಟ್ಟಿ ಎಂಬುದನ್ನಲ್ಲ. ಅದೂ ಸುಮಾರು 23 ಡಿಗ್ರಿಯ ಕೋಣೆಯಲ್ಲಿ. ರಾಯಚೂರಿನ ಏಪ್ರಿಲ್ ತಿಂಗಳಿಗೂ ಆ ಪರೀಕ್ಷೆಗೂ ಸಂಬಂಧವಿಲ್ಲ.

ಕರೆಂಟು ಹೋಗುವ ಊರುಗಳಲ್ಲಿ ಯುಪಿಎಸ್ ಖರ್ಚು ಬೇರೆ. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ 600 ವಿಎ ಯುಪಿಎಸ್ ತಾಳುವುದು 360 ವ್ಯಾಟಿನ ಆಸುಪಾಸು. 115 ವ್ಯಾಟಿನ ಆರ್‌ಟಿಎಕ್ಸ್ 4060 ಆದರೆ ಮಾನಿಟರ್ ಸಮೇತ ಅದರೊಳಗೆ ಸಾಗುತ್ತದೆ. 230 ವ್ಯಾಟಿನ ಆರ್‌ಎಕ್ಸ್ 6700 ಎಕ್ಸ್‌ಟಿ ಹಾಕಿದರೆ ಯುಪಿಎಸ್ಸನ್ನೂ ಬದಲಿಸಬೇಕು. 'ಅರ್ಧ'ದ ಲೆಕ್ಕದಲ್ಲಿ ಈ ಹಣ ಎಲ್ಲೂ ಇರುವುದಿಲ್ಲ.

ಮೊದಲೇ ಮೊತ್ತ ಗೊತ್ತುಮಾಡಿ ಆಮೇಲೆ ಕಾರ್ಡು ಹುಡುಕುವವರು ಹೆಸರಿಗೆ ಮರುಳಾಗುತ್ತಾರೆ. ಆರ್‌ಟಿಎಕ್ಸ್ 3050 ಎಂಬ ಒಂದೇ ಹೆಸರಿನಲ್ಲಿ 2022ರಲ್ಲಿ ಬಂದ 8 ಜಿಬಿ ಕಾರ್ಡಿನಲ್ಲಿ 2560 ಕೋರ್‌ಗಳು; 2024ರ 6 ಜಿಬಿ ಕಾರ್ಡಿನಲ್ಲಿ 2304, ಮೆಮೊರಿಯ ದಾರಿಯೂ 128 ಬಿಟ್‌ನಿಂದ 96ಕ್ಕೆ ಕಿರಿದಾಗಿದೆ. ಎರಡನೆಯದು 70 ವ್ಯಾಟಿನಲ್ಲೇ ನಡೆಯುತ್ತದೆ, ಸಾಧಾರಣ ಎಸ್‌ಎಂಪಿಎಸ್ ಇದ್ದವರಿಗೆ ಒಳ್ಳೆಯದೇ. ಆದರೆ ಅದು ಬೇರೆಯೇ ಕಾರ್ಡು.

'ಮುಂದಕ್ಕೂ ಬರಲಿ ಅಂತ ದೊಡ್ಡ ಕಾರ್ಡು ತಗೊಂಡೆ' ಎನ್ನುವವರಿಗೆ ಒಂದು ಮಾತು. ಇಡೀ ಯಂತ್ರದಲ್ಲಿ ಬದಲಿಸಲು ಅತಿ ಸುಲಭವಾದದ್ದು ಕಾರ್ಡೇ: ಬಿಚ್ಚಿದರೆ ಆಯಿತು, ಮಾರಿದರೆ ಒಂದಿಷ್ಟು ದುಡ್ಡೂ ಹುಟ್ಟುತ್ತದೆ. ಮುಂದಕ್ಕೆ ಬರಬೇಕಾದದ್ದು ಮದರ್‌ಬೋರ್ಡು, ಎಸ್‌ಎಂಪಿಎಸ್. 2017ರಲ್ಲಿ ಮೊದಲ ರೈಜನ್‌ಗಾಗಿ ಎಎಂ4 ಬೋರ್ಡು ಕೊಂಡ ಎಷ್ಟೋ ಮಂದಿ ಬಯೋಸ್ ಅಪ್‌ಡೇಟ್ ಮಾಡಿ, 2022ರ 5800ಎಕ್ಸ್‌3ಡಿ ಪ್ರೊಸೆಸರನ್ನು ಅದರಲ್ಲೇ ಕೂರಿಸಿದರು. ಹಣ ತೀರಾ ಕಡಿಮೆಯಿದ್ದರೆ ಗ್ರಾಫಿಕ್ಸ್ ಒಳಗೇ ಇರುವ ರೈಜನ್ 5600ಜಿ ಹಾಕಿ, ಕಾರ್ಡನ್ನು ಮುಂದಿನ ವರ್ಷಕ್ಕೆ ಬಿಡಬಹುದು. 16 ಜಿಬಿಯ ಒಂದು ರ‍್ಯಾಮ್ ಬದಲು 8ರ ಎರಡು ಹಾಕಬೇಕು, ಅಷ್ಟೆ. ಇಂಥ ಪ್ರೊಸೆಸರಿನ ಗ್ರಾಫಿಕ್ಸ್‌ಗೆ ಒಂಟಿ ರ‍್ಯಾಮಿನ ವೇಗ ಸಾಲದು.

ಸೈಬರ್‌ಪಂಕ್ 2077ರಂಥ ಆಟವನ್ನು 1440ಪಿ ಪರದೆಯಲ್ಲಿ, ಎಲ್ಲ ಸೆಟ್ಟಿಂಗ್ ಏರಿಸಿ ಆಡಬೇಕೆನ್ನುವವರು ಅರ್ಧವೇಕೆ, ಇನ್ನೂ ಹೆಚ್ಚನ್ನೇ ಕಾರ್ಡಿಗೆ ಸುರಿಯಲಿ, ನನ್ನ ಆಕ್ಷೇಪವಿಲ್ಲ. ಅವರು ಅರವತ್ತು ಸಾವಿರದ ಗಿರಾಕಿಗಳಲ್ಲ.